ನಾಲ್ಕು ಸಾವಿರ ಸಹಿ ಮತ್ತು ಒಂಬತ್ತನೇ ಪುಟ

ನ್ಯಾಯಮೂರ್ತಿ ಹುದ್ದೆಗೆ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಮಂಡಳಿಯಾದ ಕೊಲಿಜಿಯಂನ ಶಿಫಾರಸಿನ ಸುದ್ದಿ ಬಂದ ಮರುದಿನದಿಂದಲೇ ನನ್ನ ಮೇಜಿನ ಮೇಲೆ ಒಂದೇ ಬಗೆಯ ಪತ್ರಗಳು ಬೀಳತೊಡಗುತ್ತವೆ. ಊರು ಬೇರೆ, ಕೈಬರಹ ಬೇರೆ, ಪ್ರಶ್ನೆ ಮಾತ್ರ ಅದೇ: ಈ ನೇಮಕ ತಡೆಯುವುದು ಹೇಗೆ? ಹೈಕೋರ್ಟಿನಲ್ಲಿ ಮೂರು ದಶಕ ಕಳೆದವನಿಗೆ ಒಂದೇ ಪ್ರಶ್ನೆಗೆ ನೂರು ಸಲ ಉತ್ತರಿಸುವ ತಾಳ್ಮೆ ಇರಬೇಕಿತ್ತು, ನನಗಿಲ್ಲ. ಆದ್ದರಿಂದ ಈ ಸಲ ಎಲ್ಲರಿಗೂ ಒಟ್ಟಾಗಿ ಉತ್ತರಿಸುತ್ತಿದ್ದೇನೆ. ಹೈಕೋರ್ಟ್ ಎಲ್ಲಿದೆ ಎಂಬುದನ್ನೆಲ್ಲ ವಿವರಿಸುವುದಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯ ವಕೀಲರೊಬ್ಬರ ಹೆಸರನ್ನು ಹೈಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ಶಿಫಾರಸು ಮಾಡಲಾಗಿದೆ. ಅವರ ಹಿಂದಿನ ನಡವಳಿಕೆ ಬಲ್ಲ ನಾವು ರೈತ, ಮಹಿಳಾ ಮತ್ತು ದಲಿತ ಸಂಘಟನೆಗಳವರು ಸೇರಿ ನಾಲ್ಕು ಸಾವಿರ ಸಹಿ ಸಂಗ್ರಹಿಸಿದ್ದೇವೆ. ರಾಷ್ಟ್ರಪತಿಗಳಿಗೆ ಕಳುಹಿಸಿದರೆ ನೇಮಕ ನಿಲ್ಲುತ್ತದೆಯೇ? ಇಲ್ಲವಾದರೆ ಸುಪ್ರೀಂ ಕೋರ್ಟಿಗೆ ಹೋಗಬಹುದೇ? ಮನವಿಯ ಪ್ರತಿ ಲಗತ್ತಿಸಿದ್ದೇವೆ.

ಸಹಿಗಳ ಬಲದಿಂದ ನಿಲ್ಲುವುದಿಲ್ಲ. ನಾಲ್ಕು ಸಾವಿರವಿರಲಿ, ನಾಲ್ಕು ಲಕ್ಷವಿರಲಿ, ಈ ಕಡತ ಸಾಗುವ ದಾರಿಯಲ್ಲಿ ಸಹಿಗಳನ್ನು ಎಣಿಸುವ ಮೇಜು ಒಂದೂ ಇಲ್ಲ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳಿಂದ ಹೊರಟ ಹೆಸರು ಮುಖ್ಯಮಂತ್ರಿ, ರಾಜ್ಯಪಾಲರು, ಕೇಂದ್ರ ಕಾನೂನು ಸಚಿವಾಲಯಗಳನ್ನು ದಾಟಿ, ಗುಪ್ತಚರ ದಳದ ವರದಿಯನ್ನೂ ಸೇರಿಸಿಕೊಂಡು ಸುಪ್ರೀಂ ಕೋರ್ಟಿನ ಮೂವರು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಮುಂದೆ ಬರುತ್ತದೆ. ಅವರು ಒಪ್ಪಿದರೆ ಮತ್ತೆ ಸರ್ಕಾರಕ್ಕೆ ಹೋಗುತ್ತದೆ. ರಾಷ್ಟ್ರಪತಿಗಳ ಅಂಕಿತ ಬೀಳುವುದು ಕಟ್ಟಕಡೆಗೆ, ಅದೂ ಸಚಿವ ಸಂಪುಟದ ಸಲಹೆಯಂತೆ. ನೀವೆಲ್ಲರೂ ಮನವಿ ಕಳುಹಿಸುವುದು ಆ ಕಟ್ಟಕಡೆಯ ವಿಳಾಸಕ್ಕೇ. ಬಸ್ ಊರು ಬಿಟ್ಟ ಮೇಲೆ ನಿಲ್ದಾಣದ ಮೇಲ್ವಿಚಾರಕರಿಗೆ ಅರ್ಜಿ ಕೊಟ್ಟ ಹಾಗೆ.

ಇನ್ನು ಕೋರ್ಟಿನ ವಿಷಯ. ಅರ್ಹತೆ ಬೇರೆ, ಯೋಗ್ಯತೆ ಬೇರೆ. ಮಾತಿನಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಕಾನೂನು ಹಾಗೆ ಬಳಸುವುದಿಲ್ಲ. ಭಾರತದ ಪೌರನಾಗಿರಬೇಕು, ಹತ್ತು ವರ್ಷ ನ್ಯಾಯಿಕ ಹುದ್ದೆಯಲ್ಲಿ ಅಥವಾ ಹತ್ತು ವರ್ಷ ಹೈಕೋರ್ಟ್ ವಕೀಲನಾಗಿ ಇದ್ದಿರಬೇಕು ಎಂಬ ಸಂವಿಧಾನದ 217ನೇ ವಿಧಿಯ ಷರತ್ತು ಅರ್ಹತೆ. ಅದು ಇಲ್ಲವೆಂದು ತೋರಿಸಿದರೆ ನ್ಯಾಯಾಲಯ ಕೇಳುತ್ತದೆ. 1992ರಲ್ಲಿ ಕುಮಾರ್ ಪದ್ಮಪ್ರಸಾದ್ ಪ್ರಕರಣದಲ್ಲಿ ಕೇಳಿತ್ತು. ಗುವಾಹಟಿ ಹೈಕೋರ್ಟಿಗೆ ನೇಮಕವಾಗಿದ್ದ ಮಿಜೋರಾಂನ ಕಾನೂನು ಇಲಾಖೆಯ ಅಧಿಕಾರಿಗೆ ಸಂವಿಧಾನ ಹೇಳುವ ನ್ಯಾಯಿಕ ಹುದ್ದೆಯ ಅನುಭವವೇ ಇರಲಿಲ್ಲ. ರಾಷ್ಟ್ರಪತಿಗಳ ಅಂಕಿತ ಬಿದ್ದಾಗಿತ್ತು, ಪ್ರಮಾಣವಚನ ಮಾತ್ರ ಬಾಕಿ ಇತ್ತು. ಸುಪ್ರೀಂ ಕೋರ್ಟ್ ಆ ನೇಮಕವನ್ನೇ ರದ್ದು ಮಾಡಿತು. ಅಂಥ ಪ್ರಕರಣ ಮತ್ತೆ ಮತ್ತೆ ಬರುವುದಿಲ್ಲ.

ಆ ಮನುಷ್ಯ ಆ ಪೀಠಕ್ಕೆ ತಕ್ಕವರೇ, ಅವರ ಭಾಷಣಗಳು ಒಪ್ಪತಕ್ಕವೇ, ಅವರ ಮುಂದೆ ಎಲ್ಲರಿಗೂ ನ್ಯಾಯ ಸಿಗುತ್ತದೆಯೇ ಎಂಬುದೆಲ್ಲ ಯೋಗ್ಯತೆಯ ಪ್ರಶ್ನೆ. ಅದನ್ನು ತೂಗುವುದು ಕೊಲಿಜಿಯಂ ಕೆಲಸ, ಅದರೊಳಗೆ ತಾನು ಕೈ ಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಮಹೇಶ್ ಚಂದ್ರ ಗುಪ್ತ ಪ್ರಕರಣದಲ್ಲಿ ಹೇಳಿದೆ. ಇದು ಸರಿಯೇ ಎಂದು ನನ್ನನ್ನು ಕೇಳಿದರೆ ಪೂರ್ತಿ ಸರಿಯಲ್ಲ ಎನ್ನುತ್ತೇನೆ. ತೂಗುವವರೂ ನ್ಯಾಯಾಧೀಶರು, ತೂಕ ಸರಿಯಾಯಿತೇ ಎಂದು ನೋಡಲಾರೆವು ಎನ್ನುವವರೂ ನ್ಯಾಯಾಧೀಶರು. ಆದರೆ ನನ್ನ ಅಸಮಾಧಾನದಿಂದ ನಿಮ್ಮ ಅರ್ಜಿ ಗೆಲ್ಲುವುದಿಲ್ಲ.

2023ರಲ್ಲಿ ಮದ್ರಾಸ್ ಹೈಕೋರ್ಟಿನ ವಿಷಯದಲ್ಲಿ ಆದದ್ದನ್ನು ದಿನಾಂಕ ಸಮೇತ ನೋಡಿ. ಜನವರಿ 17ರಂದು ವಕೀಲರಾದ ವಿಕ್ಟೋರಿಯಾ ಗೌರಿ ಅವರ ಹೆಸರು ಶಿಫಾರಸಾಯಿತು. ಅಲ್ಪಸಂಖ್ಯಾತರ ಬಗ್ಗೆ ಅವರು ಆಡಿದ್ದರೆನ್ನಲಾದ ಮಾತುಗಳನ್ನು ಮುಂದಿಟ್ಟು ಅದೇ ಹೈಕೋರ್ಟಿನ 21 ವಕೀಲರು ರಾಷ್ಟ್ರಪತಿಗಳಿಗೂ ಕೊಲಿಜಿಯಂಗೂ ಪತ್ರ ಬರೆದರು. ಫೆಬ್ರುವರಿ 6ರಂದು ನೇಮಕದ ಅಧಿಸೂಚನೆ ಹೊರಬಿತ್ತು. 7ರ ಬೆಳಿಗ್ಗೆ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಆ ನೇಮಕ ಪ್ರಶ್ನಿಸಿದ ಅರ್ಜಿಯ ವಿಚಾರಣೆ ನಡೆಯುತ್ತಿದ್ದಾಗಲೇ ಚೆನ್ನೈಯಲ್ಲಿ ಪ್ರಮಾಣವಚನದ ಸಿದ್ಧತೆ ನಡೆದಿತ್ತು. ಅರ್ಜಿ ವಜಾ ಆಯಿತು, ಪ್ರಮಾಣವಚನವೂ ಅಂದೇ ಆಯಿತು. ಶಿಫಾರಸಿನಿಂದ ಪ್ರಮಾಣವಚನದವರೆಗೆ 21 ದಿನ. ನೀವು ಸಹಿ ಸಂಗ್ರಹಕ್ಕೆ ಎಷ್ಟು ದಿನ ತೆಗೆದುಕೊಂಡಿರಿ ಎಂದು ನಿಮ್ಮ ಪತ್ರದಲ್ಲೇ ಬರೆದಿದ್ದೀರಿ: ಎರಡೂವರೆ ತಿಂಗಳು. ಕೆಲವು ಕಡತಗಳ ಮೇಲೆ ಸರ್ಕಾರ ವರ್ಷಗಟ್ಟಲೆ ಕೂರುತ್ತದೆ, ನಿಜ. ಅದನ್ನು ನಂಬಿ ಕೂರಬೇಡಿ.

ಹಾಗಾದರೆ ವಿರೋಧ ಎಲ್ಲಿಯೂ ಫಲಿಸಿಲ್ಲವೇ? ಫಲಿಸಿದೆ, ಅದೂ ನಮ್ಮ ಕಣ್ಣೆದುರೇ. 2009ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಹೆಸರು ಸುಪ್ರೀಂ ಕೋರ್ಟಿಗೆ ಶಿಫಾರಸಾದಾಗ ಚೆನ್ನೈನ ವಕೀಲರ ಗುಂಪೊಂದು ತಿರುವಳ್ಳೂರು ಜಿಲ್ಲೆಯ ಕಾವೇರಿರಾಜಪುರಂ ಗ್ರಾಮದ ಜಮೀನಿನ ದಾಖಲೆಗಳನ್ನು ಮುಂದಿಟ್ಟಿತು. ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಎಂಬುದು ಆರೋಪ. ಅವರು ಅದನ್ನು ಅಲ್ಲಗಳೆದರು. ಆರೋಪವನ್ನು ಸರ್ವೆ ನಂಬರ್ ಹಿಡಿದು ಹೇಳಲಾಗಿತ್ತು, ಆದ್ದರಿಂದ ಯಾರಾದರೂ ಹೋಗಿ ಅಳೆದು ನೋಡಬಹುದಿತ್ತು. ಜಿಲ್ಲಾಧಿಕಾರಿಯ ವರದಿ ತರಿಸಿಕೊಳ್ಳಲಾಯಿತು. ಬೆಂಗಳೂರಿನಲ್ಲಿ ವಕೀಲರು ಕಲಾಪ ಬಹಿಷ್ಕರಿಸಿದರು, ಹೈಕೋರ್ಟಿನ ಆವರಣದಲ್ಲಿ ಗದ್ದಲವೂ ಆಯಿತು. ಆ ಗದ್ದಲವನ್ನೇ ಎಲ್ಲರೂ ಇಂದಿಗೂ ನೆನೆಸಿಕೊಳ್ಳುತ್ತಾರೆ, ಕೆಲಸ ಮಾಡಿದ್ದು ಮಾತ್ರ ಆ ಸರ್ವೆ ನಂಬರ್. ಸುಪ್ರೀಂ ಕೋರ್ಟಿಗೆ ಬಡ್ತಿ ನಿಂತಿತು. ಪದಚ್ಯುತಿ ನಿರ್ಣಯದ ಸೂಚನೆಯನ್ನು ರಾಜ್ಯಸಭೆಯ ಸಭಾಪತಿ ಸ್ವೀಕರಿಸಿ ವಿಚಾರಣಾ ಸಮಿತಿ ರಚಿಸಿದರು. ದಿನಕರನ್ ಸಿಕ್ಕಿಂ ಹೈಕೋರ್ಟಿಗೆ ವರ್ಗವಾಗಿ 2011ರಲ್ಲಿ ರಾಜೀನಾಮೆ ನೀಡಿದರು. ವಿಚಾರಣೆ ಅಲ್ಲಿಗೇ ನಿಂತದ್ದರಿಂದ ಆರೋಪ ಸಾಬೀತಾಯಿತು ಎಂದು ನೀವೂ ಹೇಳಬೇಡಿ, ನಾನೂ ಹೇಳುವುದಿಲ್ಲ.

ಈಗ ನಿಮ್ಮ ಮನವಿ. ಹನ್ನೆರಡು ಪುಟ, ಓದಿದೆ. ಮೊದಲ ಎರಡು ಪುಟ ಸಂವಿಧಾನದ ಪೀಠಿಕೆ. ಯಾರಿಗಾಗಿ? ಓದುವವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು. ಮೂರು ಮತ್ತು ನಾಲ್ಕನೇ ಪುಟಗಳಲ್ಲಿ ನಿಮ್ಮ ಜಿಲ್ಲೆಯ ಆ ವಕೀಲರ ಮಗಳ ಅಂತರ್ಜಾತಿ ವಿವಾಹದ ಪುರಾಣ. ಅದನ್ನು ಓದಿ ನನಗೆ ಮೈ ಉರಿಯಿತು. ಸಮಾನತೆಯ ಹೆಸರಿನಲ್ಲಿ ಹೋರಾಡುವವರು ಆ ಹುಡುಗಿಯನ್ನು ಏಕೆ ಬೀದಿಗೆ ಎಳೆಯುತ್ತೀರಿ? ಆ ಎರಡು ಪುಟ ಕಿತ್ತು ಒಲೆಗೆ ಹಾಕಿ. ದೆಹಲಿಯ ಹಿರಿಯ ವಕೀಲ ಸೌರಭ್ ಕೃಪಾಲ್ ಅವರ ಲೈಂಗಿಕ ಒಲವನ್ನೂ ಅವರ ಸಂಗಾತಿಯ ವಿದೇಶಿ ಪೌರತ್ವವನ್ನೂ ಮುಂದೆ ಮಾಡಿದ ಆಕ್ಷೇಪಗಳಿಗೆ 2023ರ ಜನವರಿಯಲ್ಲಿ ಕೊಲಿಜಿಯಂ ಬಹಿರಂಗವಾಗಿಯೇ ಉತ್ತರಿಸಿ ಶಿಫಾರಸನ್ನು ಪುನರುಚ್ಚರಿಸಿತು. ಸರ್ಕಾರ ಆ ನೇಮಕ ಮಾಡಲಿಲ್ಲ ಎಂಬುದು ಬೇರೆ ಮಾತು. ಖಾಸಗಿ ಬದುಕನ್ನು ಎಳೆದು ತರುವ ಆಕ್ಷೇಪಕ್ಕೆ ಕೊಲಿಜಿಯಂನಲ್ಲಿ ಸಿಗುವ ಬೆಲೆ ಇಷ್ಟು.

ಐದನೇ ಪುಟದಲ್ಲಿ ನಿಮ್ಮ ಜಿಲ್ಲೆಯ ವಕೀಲರು ಆರು ವರ್ಷ ಸರ್ಕಾರಿ ವಕೀಲರಾಗಿದ್ದರು, ಆ ಅವಧಿ ಕಳೆದರೆ ಹತ್ತು ವರ್ಷ ತುಂಬುವುದಿಲ್ಲ ಎಂದು ಲೆಕ್ಕ ಹಾಕಿದ್ದೀರಿ. ಈ ಲೆಕ್ಕ ಹೇಳಿಕೊಟ್ಟವರು ಯಾರೋ, ಅವರಿಂದ ಇನ್ನು ಮುಂದೆ ಸಲಹೆ ಕೇಳಬೇಡಿ. ಸರ್ಕಾರದ ಪರ ವಾದಿಸುವವನೂ ವಕೀಲನೇ. ಸಾಲದೆಂಬಂತೆ, ವಕೀಲನಾದ ಮೇಲೆ ನ್ಯಾಯಮಂಡಳಿಯ ಸದಸ್ಯನಾಗಿ ಅಥವಾ ಕಾನೂನಿನ ವಿಶೇಷ ಜ್ಞಾನ ಬೇಡುವ ಸರ್ಕಾರಿ ಹುದ್ದೆಯಲ್ಲಿ ಕಳೆದ ಕಾಲವನ್ನೂ ಎಣಿಸಬೇಕೆಂದು 217ನೇ ವಿಧಿಯ ವಿವರಣೆಯೇ ಹೇಳುತ್ತದೆ.

ಆರರಿಂದ ಎಂಟರವರೆಗೆ ಘೋಷಣೆ.

ಒಂಬತ್ತನೇ ಪುಟದ ಕೆಳಗೆ, ಟೈಪಿಸ್ಟ್ ಜಾಗ ಸಾಲದೆ ಒತ್ತಿ ಹಾಕಿದಂತಿರುವ ಎರಡೂವರೆ ಸಾಲು ಇದೆ. ಒಂದು ಜಮೀನಿನ ದಾವೆಯಲ್ಲಿ ಅವರು ವಾದಿಯ ಪರ ವಕಾಲತ್ತು ಹಾಕಿ, ಎರಡು ವರ್ಷದ ನಂತರ ಅದೇ ಸರ್ವೆ ನಂಬರಿನ ಇನ್ನೊಂದು ದಾವೆಯಲ್ಲಿ ಎದುರು ಪಕ್ಷದ ಪರ ಹಾಜರಾದರು ಎಂದು ಬರೆದಿದ್ದೀರಿ. ಎರಡೂ ದಾವೆಗಳ ಸಂಖ್ಯೆ ಕೊಟ್ಟಿದ್ದೀರಿ. ಸ್ವಾಮಿ, ನಿಮ್ಮ ಮನವಿ ಇರುವುದು ಇಲ್ಲಿ! ಇದು ನಿಜವೋ ಸುಳ್ಳೋ ನನಗೆ ತಿಳಿಯದು. ಕಕ್ಷಿದಾರನ ಒಪ್ಪಿಗೆ ಪಡೆದಿದ್ದಿರಲೂಬಹುದು. ಆದರೆ ನೋಡಿ ತಿಳಿಯಬಹುದಾದ ಸಂಗತಿ ಇದು. ನಾಳೆಯೇ ಆ ನ್ಯಾಯಾಲಯದ ನಕಲು ವಿಭಾಗಕ್ಕೆ ಹೋಗಿ ಎರಡೂ ವಕಾಲತ್ತುಗಳ ಹಾಗೂ ದಿನಚರಿ ಹಾಳೆಗಳ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಎರಡು ವಕಾಲತ್ತುಗಳನ್ನು ಪಕ್ಕಪಕ್ಕ ಇಟ್ಟು ಸಹಿ, ದಿನಾಂಕ ಹೋಲಿಸಿ. ಕೂಡಿ ಬಂದರೆ ಎರಡು ಪುಟದ ಪತ್ರ ಬರೆಯಿರಿ. ವಿಶೇಷಣಗಳಿಲ್ಲದೆ. ಕೂಡಿ ಬಾರದಿದ್ದರೆ ಸುಮ್ಮನಾಗಿ, ಅದೂ ಒಂದು ಮರ್ಯಾದೆ.

ಪತ್ರಕ್ಕೆ ಮೂವರು ನಾಲ್ವರು ಸಾಕು. ಪೂರ್ತಿ ಹೆಸರು, ವಿಳಾಸ, ಸಹಿಯೊಂದಿಗೆ, ಜೊತೆಗೆ ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ. ಹೆಸರಿಲ್ಲದ ದೂರು ಕಸದ ಬುಟ್ಟಿಗೆ ಹೋಗುತ್ತದೆ, ಹೋಗಬೇಕಾದದ್ದೇ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳಿಗೆ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ, ಕೇಂದ್ರ ಕಾನೂನು ಸಚಿವಾಲಯದ ನ್ಯಾಯ ಇಲಾಖೆಗೆ ಪ್ರತ್ಯೇಕ ಪ್ರತಿ ಕಳುಹಿಸಿ, ಸ್ಪೀಡ್ ಪೋಸ್ಟ್ ರಸೀದಿ ಜೋಪಾನವಾಗಿಡಿ. ಕಳುಹಿಸುವ ಮೊದಲೇ ಪತ್ರಿಕಾಗೋಷ್ಠಿ ಕರೆಯಬೇಡಿ ಎಂಬುದು ನನ್ನ ಸಲಹೆ. ಹೋರಾಟಗಾರರಿಗೆ ಇದು ಹಿಡಿಸುವುದಿಲ್ಲ, ಗೊತ್ತು. ನಾನು ಅಂಜುಬುರುಕ ಎಂದುಕೊಳ್ಳಿ. ಆದರೆ ಬೆಳಿಗ್ಗೆ ಸುದ್ದಿಯಾದ ಆಕ್ಷೇಪವನ್ನು ಸಂಜೆ ಒಪ್ಪಿಕೊಳ್ಳುವುದು ಯಾವ ನ್ಯಾಯಮೂರ್ತಿಗೂ ಕಷ್ಟ. ಒತ್ತಡಕ್ಕೆ ಮಣಿದಂತೆ ಕಾಣುತ್ತದೆ.

ಇಷ್ಟಾದ ಮೇಲೂ ನೇಮಕವಾದರೆ? ಯಾರೂ ನೋಡದ ಇನ್ನೊಂದು ಕಿಂಡಿ ಇದೆ. ವಕೀಲಿಕೆಯಿಂದ ಬಂದವರು ಸಾಮಾನ್ಯವಾಗಿ ಮೊದಲು ಹೆಚ್ಚುವರಿ ನ್ಯಾಯಮೂರ್ತಿಗಳಾಗುತ್ತಾರೆ, 224ನೇ ವಿಧಿಯಡಿ ಗರಿಷ್ಠ ಎರಡು ವರ್ಷಕ್ಕೆ. ಖಾಯಂ ಮಾಡುವಾಗ ಕಡತ ಮತ್ತೆ ತೆರೆಯುತ್ತದೆ. ಆಗ ನಿಮ್ಮ ಕೈಯಲ್ಲಿ ಹಳೆಯ ಭಾಷಣದ ಬದಲು ಎರಡು ವರ್ಷದ ತೀರ್ಪುಗಳಿರುತ್ತವೆ. ಬಾಂಬೆ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿ ಪುಷ್ಪಾ ಗನೇಡಿವಾಲಾ ಅವರನ್ನು ಖಾಯಂ ಮಾಡುವ ಶಿಫಾರಸನ್ನು ಕೊಲಿಜಿಯಂ 2021ರಲ್ಲಿ ಹಿಂಪಡೆದದ್ದು ನೆನಪಿದೆಯೇ? ಬಟ್ಟೆಯ ಮೇಲಿನಿಂದ ಮಗುವಿನ ಮೈ ಮುಟ್ಟಿದರೆ ಪೋಕ್ಸೊ ಕಾಯ್ದೆಯ ಲೈಂಗಿಕ ದೌರ್ಜನ್ಯವಾಗದು ಎಂಬ ಅವರ ತೀರ್ಪಿಗೆ ದೇಶವೇ ಸಿಡಿದಿತ್ತು. ಒಂದು ವರ್ಷದ ಮುಂದುವರಿಕೆ ಮಾತ್ರ ಸಿಕ್ಕಿತು. 2022ರ ಫೆಬ್ರುವರಿಯಲ್ಲಿ ಅವರು ರಾಜೀನಾಮೆ ಕೊಟ್ಟರು. ಹಾಗೆಂದು ಪ್ರತಿ ಸಲವೂ ಹೀಗಾಗುತ್ತದೆ ಎಂದುಕೊಳ್ಳಬೇಡಿ. ವಿಕ್ಟೋರಿಯಾ ಗೌರಿ ಅವರು 2024ರಲ್ಲಿ ಖಾಯಂ ಆದರು.

ಪ್ರಶ್ನೆ: ರಾಜಕೀಯ ಪಕ್ಷದಲ್ಲಿದ್ದವರು ನ್ಯಾಯಮೂರ್ತಿ ಆಗುವಂತಿಲ್ಲ ಅಲ್ಲವೇ?

ಆಗಬಹುದು. ನಮ್ಮವರೇ ಆದ ಕೆ.ಎಸ್. ಹೆಗ್ಡೆ ಅವರು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯತ್ವ ಬಿಟ್ಟು 1957ರಲ್ಲಿ ಮೈಸೂರು ಹೈಕೋರ್ಟಿನ ಪೀಠ ಏರಿದವರು. 1973ರಲ್ಲಿ ಅದೇ ಪಕ್ಷದ ಸರ್ಕಾರ ಜ್ಯೇಷ್ಠತೆ ಮೀರಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ, ಅಷ್ಟರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಅವರು ರಾಜೀನಾಮೆ ಎಸೆದು ಬಂದರು. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಕೃಷ್ಣ ಅಯ್ಯರ್ ಕೇರಳದಲ್ಲಿ ಮಂತ್ರಿಯಾಗಿದ್ದವರು. ಪಕ್ಷದ ಚೀಟಿ ತೋರಿಸಿ ಆಕ್ಷೇಪ ಎತ್ತುವವರು ತಮ್ಮ ಪಕ್ಷದವರ ಹೆಸರು ಬಂದಾಗಲೂ ಎತ್ತುತ್ತಾರೆಯೇ ಎಂದು ನೋಡುವುದು ನನ್ನ ಹಳೆಯ ಚಟ.

ಪ್ರಶ್ನೆ: ದೆಹಲಿಯಲ್ಲಿ ತಮಗೆ ಸಂಪರ್ಕವಿದೆ, ತಡೆಯಾಜ್ಞೆ ತರಿಸಿಕೊಡುತ್ತೇನೆ ಎಂದು ಒಬ್ಬರು ನಮ್ಮ ಸಂಘಟನೆಯಿಂದ ಚಂದಾ ಕೇಳುತ್ತಿದ್ದಾರೆ. ಕೊಡಬಹುದೇ?

ಬಾಗಿಲು ಹಾಕಿ. ಪ್ರತಿ ವಿವಾದದ ಬೆನ್ನಿಗೂ ಇಂಥವರು ಹುಟ್ಟಿಕೊಳ್ಳುತ್ತಾರೆ: ಕಪ್ಪು ಕೋಟು, ಎರಡು ಮೊಬೈಲ್, ಬಾಯಿ ತೆರೆದರೆ ಯಾವುದೋ ನ್ಯಾಯಮೂರ್ತಿಯ ಭಾವಮೈದುನ. ಯೋಗ್ಯತೆಯ ಪ್ರಶ್ನೆಯಲ್ಲಿ ತಡೆಯಾಜ್ಞೆ ಸಿಗುತ್ತದೆ ಎಂದು ಮಾತು ಕೊಡುವವನಿಗೆ ಕಾನೂನು ಗೊತ್ತಿಲ್ಲ, ಗೊತ್ತಿದ್ದರೆ ಅವನು ಮೋಸಗಾರ. ರಾಷ್ಟ್ರಪತಿ ಭವನದಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿಸುತ್ತೇನೆ ಎಂದು ಇನ್ನೊಂದು ಊರಿನಲ್ಲಿ ದುಡ್ಡು ಎತ್ತಿದ್ದಾರಂತೆ. ಅಂಥದ್ದೊಂದು ವ್ಯವಸ್ಥೆಯೇ ಇಲ್ಲ!

ಪ್ರಶ್ನೆ: ವಿರೋಧಿಸಿ ಬರೆದರೆ ನ್ಯಾಯಾಂಗ ನಿಂದನೆ ಆಗುತ್ತದೆಯೇ?

ಶಿಫಾರಸಾದವರು ಪ್ರಮಾಣವಚನದವರೆಗೂ ವಕೀಲರೇ. ಆವರೆಗೆ ನಿಮಗಿರುವ ಭಯ ಮಾನನಷ್ಟ ಮೊಕದ್ದಮೆಯದು, ಅದಕ್ಕೆ ದಾಖಲೆಯೇ ರಕ್ಷೆ. ಕೊಲಿಜಿಯಂ ದುಡ್ಡು ತಿಂದಿದೆ ಎಂದು ಬರೆದಿರೋ, 1971ರ ನ್ಯಾಯಾಂಗ ನಿಂದನೆ ಕಾಯ್ದೆ ನಿಮ್ಮ ಮನೆಗೆ ಬರುತ್ತದೆ. ಆರು ತಿಂಗಳವರೆಗೆ ಸಜೆಗೂ ಅವಕಾಶವಿದೆ.

ಪ್ರಶ್ನೆ: ವಕೀಲರ ಸಂಘ ಅನಿರ್ದಿಷ್ಟಾವಧಿ ಕಲಾಪ ಬಹಿಷ್ಕಾರ ಹೂಡಬೇಕೆಂದು ನಾವು ಒತ್ತಾಯಿಸಿದ್ದೇವೆ. ಸಂಘದವರು ಹಿಂಜರಿಯುತ್ತಿದ್ದಾರೆ.

ಹಿಂಜರಿಯಲಿ. 2002ರ ಹರೀಶ್ ಉಪ್ಪಲ್ ತೀರ್ಪಿನ ಪ್ರಕಾರ ವಕೀಲರಿಗೆ ಮುಷ್ಕರದ ಹಕ್ಕಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಒಂದು ದಿನ ಮೀರದಂತೆ ಕೆಲಸದಿಂದ ದೂರವಿರುವುದನ್ನು ನ್ಯಾಯಾಲಯ ಸಹಿಸಬಹುದು ಅಷ್ಟೇ. ಕೈಗೆ ಪಟ್ಟಿ ಕಟ್ಟಿಕೊಳ್ಳಲಿ, ಹೇಳಿಕೆ ಕೊಡಲಿ. ಜಾಮೀನಿಗಾಗಿ ಕಾದಿರುವವನ ಹೆಂಡತಿಗೆ ನಿಮ್ಮ ಬಹಿಷ್ಕಾರದಿಂದ ಏನಾಗಬೇಕು?

ಪ್ರಶ್ನೆ: ಮಾಹಿತಿ ಹಕ್ಕಿನಡಿ ಕೊಲಿಜಿಯಂ ಸಭೆಯ ಚರ್ಚೆಯ ವಿವರ ಸಿಗುತ್ತದೆಯೇ?

ಸಿಗುವುದಿಲ್ಲ. ಅಂತಿಮ ನಿರ್ಣಯ ಮಾತ್ರ ಹೊರಬರಬೇಕು, ಚರ್ಚೆಯಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿಯಾಗಿದೆ.

ಪ್ರಶ್ನೆ: ಪ್ರಮಾಣವಚನ ಆದ ಮೇಲೆ ನಮ್ಮ ಸಂಸದರಿಗೆ ಹೇಳಿ ಇಳಿಸಬಹುದಲ್ಲ?

ಒಬ್ಬ ಸಂಸದ ಸಾಲದು. ನಿರ್ಣಯ ಮಂಡಿಸಲಿಕ್ಕೇ ಲೋಕಸಭೆಯಲ್ಲಿ 100 ಅಥವಾ ರಾಜ್ಯಸಭೆಯಲ್ಲಿ 50 ಸದಸ್ಯರ ಸಹಿ ಬೇಕು. ಅಂದರೆ ಸಹಿ ಎಣಿಸುವ ಮೇಜು ಇರುವುದು ಅಲ್ಲಿ, ನಿಮ್ಮ ನಾಲ್ಕು ಸಾವಿರ ಅಲ್ಲಿ ನಡೆಯುವುದಿಲ್ಲ. ಆಮೇಲೆ ವಿಚಾರಣಾ ಸಮಿತಿ, ಎರಡೂ ಸದನಗಳಲ್ಲಿ ಮೂರನೇ ಎರಡರ ಬಹುಮತ. ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ಅವರ ವಿರುದ್ಧ 2011ರಲ್ಲಿ ರಾಜ್ಯಸಭೆ ಮತ ಹಾಕಿತು. ಲೋಕಸಭೆಗೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಆ ದಾರಿಯ ಕನಸು ಬಿಟ್ಟು ನಕಲು ವಿಭಾಗ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ವಿಚಾರಿಸಿ.