ಮೊದಲು ಹೇಳಿ, ಮಣಿ ತೊಳೆದಿದ್ದೀರಾ?

ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್ಕಿನ ಸೂಕ್ಷ್ಮ ಮಣಿ ಮತ್ತು ಎಣ್ಣೆ, ಹೊಗೆಯಲ್ಲಿರುವ ಪೈರೀನ್ ಅನ್ನುವ ವಿಷ ಒಟ್ಟಿಗೆ ಹಾಕಿದಾಗ ನೀರಿನ ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳು ಜಾಸ್ತಿ ಸಾಯುತ್ತಿವೆ, ಇದು ಸಿನರ್ಜಿ, ಅಂದರೆ ಎರಡರ ಹಾನಿ ಕೂಡಿದ್ದಕ್ಕಿಂತಲೂ ಹೆಚ್ಚು, ಅಂತ ತೋರಿಸೋಕೆ ಲೆಕ್ಕದ ಯಾವ ಮಾಡೆಲ್ ಒಳ್ಳೆಯದು ಅಂತ ಕೇಳಿದ್ದೀರಿ. ಓದಿದ ಕೂಡಲೇ ಎದೆ ಧಸಕ್ ಅಂತು. ಪಿಎಚ್‌ಡಿಯ ಎರಡನೇ ವರ್ಷ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೆ.

ನನ್ನ ಪ್ರಾಣಿ ಟಿಗ್ರಿಯೋಪಸ್ ಅನ್ನುವ ಕೋಪೆಪಾಡ್. ಸುಮಾರು ಒಂದು ಮಿಲಿಮೀಟರ್ ಉದ್ದ, ಕಿತ್ತಳೆ ಬಣ್ಣ. ಕಡಲತೀರದ ಬಂಡೆಗಳ ಗುಂಡಿಯಲ್ಲಿ ನಿಂತ ನೀರಿನಲ್ಲಿ ಬದುಕುವ ಗಟ್ಟಿ ಜೀವ. ಬಿಸಿಲಿಗೆ ನೀರು ಕಾಯಲಿ, ಉಪ್ಪು ಏರಲಿ, ತಡೆದುಕೊಳ್ಳುತ್ತದೆ. ಅಂಥದ್ದು ನನ್ನ ಗಾಜಿನ ಸೀಸೆಯಲ್ಲಿ ಪಟಪಟ ಸಾಯುತ್ತಿತ್ತು. ಮಣಿ ಮಾತ್ರ ಹಾಕಿದಲ್ಲಿ ಕೆಲವು, ಪೈರೀನ್ ಮಾತ್ರ ಹಾಕಿದಲ್ಲಿ ಕೆಲವು, ಎರಡೂ ಇದ್ದಲ್ಲಿ ಹೆಚ್ಚುಕಮ್ಮಿ ಎಲ್ಲವೂ. ಮಣಿ ಏರಿಸಿದಂತೆ ಸಾವೂ ಏರುತ್ತಿತ್ತು.

ವಿವರಣೆಯೂ ಕೈಯಲ್ಲೇ ಇತ್ತು. ಪೈರೀನ್‌ನಂಥವಕ್ಕೆ ನೀರು ಆಗಿಬರುವುದಿಲ್ಲ, ಪ್ಲಾಸ್ಟಿಕ್ ಸಿಕ್ಕರೆ ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ ಗುಳಿಗೆಗಳಲ್ಲಿ ಪಿಸಿಬಿ ಅನ್ನುವ ಕೈಗಾರಿಕಾ ವಿಷ ಸುತ್ತಲಿನ ಸಮುದ್ರದ ನೀರಿಗಿಂತ ಲಕ್ಷದಿಂದ ಹತ್ತು ಲಕ್ಷ ಪಟ್ಟು ಜಾಸ್ತಿ ಸೇರಿರುತ್ತದೆ ಅಂತ ಜಪಾನಿನ ಹಿಡೆಶಿಗೆ ತಕಾಡಾ ಅವರ ತಂಡ 2001ರಲ್ಲೇ ತೋರಿಸಿತ್ತು. ಪ್ರಾಣಿ ಮಣಿ ನುಂಗುತ್ತೆ, ವಿಷ ಹೊಟ್ಟೆಗೆ ಹೋಗುತ್ತೆ, ಸಾಯುತ್ತೆ. ನನಗೆ ಅಷ್ಟು ಸಾಕಾಗಿತ್ತು.

ತಪ್ಪು ಮಣಿಯ ಬಾಟಲಿಯಲ್ಲಿತ್ತು. ಕೊಂಡು ತರುವ ಮಣಿ ಸಾಮಾನ್ಯವಾಗಿ ದ್ರವದಲ್ಲಿ ಕಲಸಿ ಬರುತ್ತದೆ, ಗೊತ್ತಲ್ವಾ? ಆ ದ್ರವ ಬರೀ ನೀರಲ್ಲ. ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ ಎಷ್ಟೋ ಸಲ ಸೋಡಿಯಂ ಅಜೈಡ್ ಹಾಕಿರುತ್ತಾರೆ. ಮಣಿ ಗಂಟು ಕಟ್ಟದಿರಲಿ ಅಂತ ಸೋಪಿನಂಥ ಸರ್ಫ್ಯಾಕ್ಟಂಟ್ ಬೇರೆ. ಅಜೈಡ್ ಅಂದರೆ ಜೀವಕೋಶದ ಉಸಿರಾಟವನ್ನೇ ನಿಲ್ಲಿಸುವ ವಿಷ. ಲೇಬಲ್ ಮೇಲೆ ಅದರ ಹೆಸರಿತ್ತು, ನಾನು ಓದಿಯೂ ಇದ್ದೆ. ಇಷ್ಟು ತೆಳುವಾದ ಮೇಲೆ ಏನಾಗುತ್ತೆ ಅಂದುಕೊಂಡು ಬಿಟ್ಟುಬಿಟ್ಟೆ. ಈಗ ಲೆಕ್ಕ ನೋಡಿ. ಎರಡು ಪಟ್ಟು ಮಣಿ ಬೇಕಾದರೆ ಬಾಟಲಿಯಿಂದ ಎರಡು ಪಟ್ಟು ದ್ರವ ತೆಗೆಯಬೇಕು. ಅಂದರೆ ಎರಡು ಪಟ್ಟು ಅಜೈಡ್. ಹತ್ತು ಪಟ್ಟು ಮಣಿಗೆ ಹತ್ತು ಪಟ್ಟು ಅಜೈಡ್. ಅಷ್ಟು ಚೆನ್ನಾಗಿ ಏರುತ್ತಿದ್ದ ನನ್ನ ಗ್ರಾಫ್ ಅಜೈಡಿನದು. ಕಂಟ್ರೋಲ್ ಸೀಸೆಯಲ್ಲಿ ಇದ್ದದ್ದು ಬರೀ ಸಮುದ್ರದ ನೀರು, ಅದಕ್ಕೆ ಅಜೈಡ್ ಸೋಕಿಯೇ ಇರಲಿಲ್ಲ. ಹಾಗಾಗಿ ಅದರಿಂದ ಏನೂ ತಿಳಿಯಲಿಲ್ಲ. ಪೈರೀನ್ ಜೊತೆ ಸಾವು ಏರಿದ್ದೂ ಎರಡು ವಿಷ ಒಟ್ಟಿಗೆ ಬಿದ್ದದ್ದರಿಂದ. ಅವುಗಳಲ್ಲಿ ಒಂದು ಪ್ಲಾಸ್ಟಿಕ್ ಆಗಿರಲಿಲ್ಲ.

ಲ್ಯಾಬಿನಲ್ಲಿದ್ದ ಹಿರಿಯರೊಬ್ಬರು, ಮಣಿ ಸೋಸಿ ತೆಗೆದು ಆ ದ್ರವವನ್ನಷ್ಟೇ ಹಾಕಿ ನೋಡು ಅಂದರು. ಮರುದಿನ ಬೆಳಗ್ಗೆ ಮಣಿಯೇ ಇಲ್ಲದ ಸೀಸೆಗಳಲ್ಲೂ ಪ್ರಾಣಿಗಳು ತಳ ಹಿಡಿದಿದ್ದವು. ಸೂಜಿ ತುದಿಯಿಂದ ಮುಟ್ಟಿದರೂ ಅಲುಗಲಿಲ್ಲ. ಹದಿನಾಲ್ಕು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು.

ಅದಕ್ಕೇ, ಯಾವ ಮಾಡೆಲ್ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡು ವಿಷ ಸೇರಿದಾಗ ಎಷ್ಟು ಹಾನಿ ನಿರೀಕ್ಷಿಸಬೇಕು ಅಂತ ಹೇಳುವ ಬ್ಲಿಸ್ ಮಾಡೆಲ್ ಆಗಲಿ, ಕಾನ್ಸಂಟ್ರೇಶನ್ ಅಡಿಶನ್ ಆಗಲಿ, ಪ್ರಾಣಿಗೆ ಯಾವುದು ಎಷ್ಟು ತಗುಲಿತು ಅಂತ ನಿಮಗೆ ಗೊತ್ತಿದ್ದರೆ ಮಾತ್ರ ಅರ್ಥ. ಪ್ಲಾಸ್ಟಿಕ್ ಹೀರಿಕೊಂಡ ಮೇಲೆ ನೀರಿನಲ್ಲಿ ಪೈರೀನ್ ಎಷ್ಟು ಉಳಿಯಿತು, ಅಳೆದಿದ್ದೀರಾ? ಹೀರಿಕೊಂಡರೆ ವಿಷ ಕಮ್ಮಿಯೂ ಆಗಬಹುದು. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಒಂದರಲ್ಲೇ ನೋಡಿ. ಮೈಕ್ರೋಪ್ಲಾಸ್ಟಿಕ್ ಜೊತೆಗಿದ್ದಾಗ ಅಕಾರ್ಶಿಯಾ ಕೋಪೆಪಾಡಿಗೆ ಹಾನಿ ಹೆಚ್ಚಿತು, ಐಸೋಕ್ರೈಸಿಸ್ ಪಾಚಿಗೆ ಇಳಿಯಿತು. ಇನ್ನು ಸಮುದ್ರದಲ್ಲಿ ಪ್ರಾಣಿಗೆ ಇಂಥ ವಿಷ ಮುಖ್ಯವಾಗಿ ಬರುವುದು ತಿನ್ನುವ ಆಹಾರದಿಂದ, ಪ್ಲಾಸ್ಟಿಕ್ ಹೊತ್ತು ತರುವ ಪಾಲು ತೀರಾ ಸಣ್ಣದು ಅಂತ ಕೂಲ್ಮನ್ಸ್ ಮತ್ತು ಜೊತೆಗಾರರು 2016ರಲ್ಲಿ ವಾದಿಸಿದ್ದಾರೆ. ಶುದ್ಧ ನೀರಿನಲ್ಲಿ ವಿಷ ತುಂಬಿದ ಮಣಿ ತಿನ್ನಿಸುವ ನಮ್ಮ ಪ್ರಯೋಗಗಳಲ್ಲಿ ಇದು ಕಾಣುವುದೇ ಇಲ್ಲ.

ನಾನಾಗಿದ್ದರೆ ಇವತ್ತೇ ಎಲ್ಲ ನಿಲ್ಲಿಸುತ್ತಿದ್ದೆ. ಮಣಿಯನ್ನು ಡಯಾಲಿಸಿಸ್ ಮಾಡಿ (ಪೊರೆಯ ಚೀಲದಲ್ಲಿಟ್ಟು ಅಜೈಡ್ ಹೊರಹೋಗಲು ಬಿಡಿ), ಇಲ್ಲ ಸೆಂಟ್ರಿಫ್ಯೂಜ್‌ನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಸೋಸಿದ ದ್ರವದ ಕಂಟ್ರೋಲ್ ಬೇಕೇ ಬೇಕು. ಹಾನಿ ಪ್ಲಾಸ್ಟಿಕ್ಕಿನದೋ, ಯಾವ ಕಣವಾದರೂ ಹೀಗೆಯೋ ಅಂತ ತಿಳಿಯಲು ಅದೇ ಗಾತ್ರದ ಜೇಡಿಮಣ್ಣಿನ ಕಣ ಹಾಕಿದ ಸೀಸೆಗಳ ಒಂದು ಸಾಲೂ ಇರಲಿ. ಸಾವು ಎಣಿಸುವುದಷ್ಟಕ್ಕೇ ನಿಲ್ಲಬೇಡಿ.

ತೊಳೆದ ಮಣಿ ಹಾಕಿ ನಾನು ಮತ್ತೆ ಶುರು ಮಾಡಿದಾಗ ಸಾವು ಹೆಚ್ಚುಕಮ್ಮಿ ನಿಂತೇ ಹೋಯಿತು. ಕರುಳಿನಲ್ಲಿ ಹೊಳೆಯುವ ಮಣಿ ತುಂಬಿಕೊಂಡೇ ಅವು ಚುರುಕಾಗಿ ಈಜುತ್ತಿದ್ದವು. ಏನೂ ತೊಂದರೆ ಇಲ್ಲ ಅಂತ ಬರೆಯಲು ಹೊರಟಿದ್ದೆ. ಮೂರನೇ ವಾರ ಮೈಕ್ರೋಸ್ಕೋಪಿನಡಿ ಹೆಣ್ಣುಗಳ ಮೊಟ್ಟೆ ಚೀಲ ಎಣಿಸಲು ಕೂತೆ. ಚೀಲಗಳಿದ್ದವು, ಆದರೆ ಒಳಗೆ ಮೊಟ್ಟೆ ಕಮ್ಮಿ ಇದ್ದವು.