ಪ್ರಮಾಣಪತ್ರ ಒಂದೇ, ಊರೂರಿಗೆ ಕೆಲಸ ಬೇರೆ

ಪ್ರಶ್ನೆ: ನಾನು ಐಟಿಐ ಫಿಟ್ಟರ್ ಮುಗಿಸಿ ಎರಡು ವರ್ಷಗಳಾದವು. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಕೆಲಸ ಕೇಳಿದರೆ ‘ಬಾಯ್ಲರ್ ಗೊತ್ತೇನು?’ ಎಂದರು. ತೋರಣಗಲ್ಲಿನಲ್ಲಿ ಗುತ್ತಿಗೆದಾರರೊಬ್ಬರು ‘ಶಟ್‌ಡೌನ್‌ನಲ್ಲಿ ದುಡಿದಿದ್ದೀಯಾ?’ ಎಂದು ಕೇಳಿದರು. ಹಟ್ಟಿಯಲ್ಲಿ ಕೇಳುವುದೇ ಬೇರೆ ಎಂದು ಗೆಳೆಯ ಹೇಳುತ್ತಾನೆ. ಏನು ಕಲಿತರೆ ಎಲ್ಲ ಕಡೆಯೂ ಕೆಲಸ ಸಿಕ್ಕೀತು?
– ಓದುಗರೊಬ್ಬರು, ಕುಕನೂರು

ಉತ್ತರ: ಎಲ್ಲ ಕಡೆಗೂ ಒದಗುವ ಕಲಿಕೆಯನ್ನು ಹುಡುಕುತ್ತ ಇನ್ನೆರಡು ವರ್ಷ ಕಳೆಯಬೇಡಿ. ಫಿಟ್ಟರ್ ಪ್ರಮಾಣಪತ್ರ ನಿಮ್ಮನ್ನು ಗೇಟಿನವರೆಗೆ ಕರೆದೊಯ್ಯುತ್ತದೆ. ಒಳಗೆ ಯಾವ ಯಂತ್ರವಿದೆಯೋ ಅದಕ್ಕೆ ತಕ್ಕ ಎರಡನೆಯ ಕಾಗದವನ್ನೋ ಅನುಭವವನ್ನೋ ಆಯಾ ಊರು ಕೇಳುತ್ತದೆ. ಆದ್ದರಿಂದ ಊರನ್ನು ಮೊದಲು ಗೊತ್ತುಮಾಡಿಕೊಳ್ಳಿ.

ತೋರಣಗಲ್ಲು, ಗಿಣಿಗೇರಿ ಕಡೆಯ ಉಕ್ಕಿನ ಕಾರ್ಖಾನೆಗಳಲ್ಲಿ ಶಟ್‌ಡೌನ್ ಎಂದರೆ ದುರಸ್ತಿಗಾಗಿ ಒಂದು ಘಟಕವನ್ನು ನಿಲ್ಲಿಸಿ, ಗೊತ್ತುಪಡಿಸಿದ ಗಂಟೆಗಳೊಳಗೆ ಬಿಚ್ಚಿ, ಮತ್ತೆ ಜೋಡಿಸಿ ಚಾಲೂ ಮಾಡುವ ಕೆಲಸ. ಮೋಟರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ಗೆರೆಯಲ್ಲಿ ಕೂರದಿದ್ದರೆ ಬೇರಿಂಗ್ ಕಾದು ಹಾಳಾಗುತ್ತದೆ; ಡಯಲ್ ಗೇಜಿನ ಮುಳ್ಳನ್ನು ನೋಡುತ್ತ, ಮೋಟರಿನ ಪಾದದಡಿ ತೆಳುವಾದ ಶಿಮ್ ತಗಡುಗಳನ್ನು ಸೇರಿಸುತ್ತ ತೆಗೆಯುತ್ತ, ಮಿಲಿಮೀಟರಿನ ನೂರನೆಯ ಪಾಲಿನ ಲೆಕ್ಕದಲ್ಲಿ ಅದನ್ನು ಸರಿಗೆ ತರುವ ಫಿಟ್ಟರನಿಗೆ ಅಲ್ಲಿ ಬೆಲೆಯಿದೆ. ಇದೇ ಕೈಚಳಕ ಕುಡಿತಿನಿಯ ಮತ್ತು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿಯೂ ನಡೆಯುತ್ತದೆ. ಐಟಿಐ ಕಾರ್ಯಾಗಾರದಲ್ಲಿ ಇದು ಅಷ್ಟಾಗಿ ಕೈಗೆ ಹತ್ತುವುದಿಲ್ಲವಾದ್ದರಿಂದ, ಸ್ಟೈಪೆಂಡ್ ಕಡಿಮೆಯೆಂದು ಹಿಂಜರಿಯದೆ ಒಂದು ವರ್ಷ ಅಪ್ರೆಂಟಿಸ್ ಆಗಿ ಸೇರಿಕೊಳ್ಳುವುದು ಒಳ್ಳೆಯದು. ನಾಲ್ಕು ಮಾತು ಹಿಂದಿಯನ್ನೂ ಕಲಿತಿರಿ. ಅದನ್ನು ಯಾವ ಜಾಹೀರಾತಿನಲ್ಲಿಯೂ ಬರೆಯುವುದಿಲ್ಲ, ಕೆಲಸದ ಜಾಗದಲ್ಲಿ ಮಾತ್ರ ಬೇಕಾಗುತ್ತದೆ.

ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿ ಸ್ಟೀಮ್ ಅಕ್ಕಿ ಮಾಡುವ ಮಿಲ್ಲುಗಳಿಗೆ ಬಾಯ್ಲರ್ ನಡೆಸಲು ಅರ್ಹತಾ ಪತ್ರ ಪಡೆದ ಅಟೆಂಡೆಂಟ್ ಇರಲೇಬೇಕು. ಆ ಪರೀಕ್ಷೆಗೆ ಕೂರುವ ಮೊದಲು ಬಾಯ್ಲರ್ ಮೇಲೆ ಸಹಾಯಕರಾಗಿ ದುಡಿದ ಅನುಭವ ಬೇಕಾಗುವುದರಿಂದ, ಮಿಲ್ಲಿನಲ್ಲಿ ಸಹಾಯಕರ ಕೆಲಸ ಸಿಕ್ಕರೂ ಬಿಡಬೇಡಿ. ಒಂದು ಮಾತು: ಆ ಭಾಗದ ಮಿಲ್ಲುಗಳ ಕೆಲಸ ತುಂಗಭದ್ರಾ ಕಾಲುವೆಯನ್ನು ನಂಬಿಕೊಂಡಿದೆ. ಎರಡನೆಯ ಬೆಳೆಗೆ ನೀರು ಬಿಡದ ವರ್ಷ ಭತ್ತವೂ ಕಡಿಮೆ, ಕೆಲಸವೂ ಕಡಿಮೆ.

ಹಟ್ಟಿಯದು ರಾಜ್ಯ ಸರ್ಕಾರದ ಚಿನ್ನದ ಗಣಿ. ಅಲ್ಲಿ ಕಾಯಂ ಹುದ್ದೆಗಳಿಗೆ ಅಧಿಸೂಚನೆಗೆ ಕಾಯಬೇಕು. ಗಣಿಯ ಕೆಲಸಕ್ಕೆ ವೈದ್ಯಕೀಯ ಪರೀಕ್ಷೆ ಮತ್ತು ವೃತ್ತಿ ತರಬೇತಿ ಕಡ್ಡಾಯ. ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಈಗಲೇ ಪಡೆದಿಟ್ಟುಕೊಳ್ಳಿ, ಅಧಿಸೂಚನೆ ಬಂದ ಮೇಲೆ ಓಡಾಡಬೇಡಿ. ಖಾಸಗಿ ಕಾರ್ಖಾನೆಗಳಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ.

ಕುಕನೂರಿನಿಂದ ಗಿಣಿಗೇರಿ ದೂರವಲ್ಲ. ನನ್ನನ್ನು ಕೇಳಿದರೆ ಅಲ್ಲಿಂದಲೇ ಆರಂಭಿಸಿ ಎನ್ನುತ್ತೇನೆ.

ಪ್ರಶ್ನೆ: ನನ್ನ ತಂಗಿ ರವಿಕೆ ಚೆನ್ನಾಗಿ ಹೊಲಿಯುತ್ತಾಳೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಅವಳಿಗೆ ಕೆಲಸ ಸಿಗಬಹುದೇ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಸಿಗಬಹುದು, ಆದರೆ ಅಲ್ಲಿ ಇಡೀ ಉಡುಪನ್ನು ಒಬ್ಬರೇ ಹೊಲಿಯುವುದಿಲ್ಲ. ಜೇಬು ಒಬ್ಬರದು, ಸೊಂಟಪಟ್ಟಿ ಇನ್ನೊಬ್ಬರದು, ಕಾಲಿನ ಒಳಹೊಲಿಗೆ ಮತ್ತೊಬ್ಬರದು. ರವಿಕೆಗೆ ಬೇಕಾದ ಅಳತೆಯ ಜಾಣ್ಮೆಗಿಂತ, ದಪ್ಪ ಬಟ್ಟೆಯ ಮೇಲೆ ಪವರ್ ಮಷಿನ್ನಿನ ವೇಗವನ್ನು ಹಿಡಿತದಲ್ಲಿಡುವ ಅಭ್ಯಾಸ ಅಲ್ಲಿ ಮುಖ್ಯ. ಕೂಲಿ ಪೀಸ್ ಲೆಕ್ಕದ್ದಾದರೆ, ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕಾದ ಪೀಸಿಗೆ ದುಡ್ಡು ಹಿಡಿಯುತ್ತಾರೆಯೇ, ಕರೆಂಟು ಹೋದ ಹೊತ್ತು ಯಾರ ಲೆಕ್ಕಕ್ಕೆ ಎಂಬೆರಡನ್ನು ಸೇರುವ ಮೊದಲೇ ಕೇಳಿಕೊಳ್ಳಲಿ.