ರೋಬೋಟ್ ಕೆಡದೆಯೇ ಕತೆ ಕಟ್ಟುವುದು

ಓದುಗರ ಪತ್ರ: ‘ಒಬ್ಬ ವೃದ್ಧರನ್ನು ನೋಡಿಕೊಳ್ಳುವ ರೋಬೋಟ್ ಕುರಿತು ಕತೆ ಬರೆಯುತ್ತಿದ್ದೇನೆ. ಕೊನೆಯಲ್ಲಿ ಅದರ ಸರ್ಕ್ಯೂಟ್ ಸುಟ್ಟು, ಅದು ಅವರನ್ನು ಮನೆಯೊಳಗೆ ಕೂಡಿಹಾಕುತ್ತದೆ. ಅಸಿಮೊವ್ ಅವರ ಮೂರು ನಿಯಮ ಇಟ್ಟುಕೊಂಡರೆ ಕತೆ ಮುಂದೆ ಹೋಗುವುದಿಲ್ಲ. ಬಿಟ್ಟರೆ ರಾಕ್ಷಸನ ಕತೆಯಾಗುತ್ತದೆ. ಹಳಬರು ಇದನ್ನು ಹೇಗೆ ನಿಭಾಯಿಸಿದರು? ಯಾವ ಕತೆಗಳನ್ನು ಓದಲಿ?’

ಸಂಪಾದಕರ ಉತ್ತರ:

ಮೊದಲು ಆ ಸುಟ್ಟ ಸರ್ಕ್ಯೂಟನ್ನು ತೆಗೆದುಹಾಕಿ. ಯಂತ್ರ ಕೆಟ್ಟಿತು, ಅನಾಹುತವಾಯಿತು ಅಂದರೆ ಅದು ಅಪಘಾತದ ವರದಿ. ಓದುಗರು ತಲೆ ಓಡಿಸಲು ಏನೂ ಉಳಿಯುವುದಿಲ್ಲ. ಈ ಬಗೆಯ ಅತ್ಯುತ್ತಮ ಕತೆಗಳಲ್ಲಿ ರೋಬೋಟ್ ಸರಿಯಾಗಿಯೇ ಇರುತ್ತದೆ, ಹೇಳಿದ್ದನ್ನೇ ಮಾಡುತ್ತಿರುತ್ತದೆ. ತಾವು ಹೇಳಿದ್ದೇನು ಎಂಬುದು ಹೇಳಿದವರಿಗೇ ಗೊತ್ತಿರುವುದಿಲ್ಲ.

ವಿಜ್ಞಾನ ಕತೆಗಾರ ಐಸಾಕ್ ಅಸಿಮೊವ್ ತಮ್ಮ ರೋಬೋಟ್ ಕತೆಗಳಿಗೆ ಹಾಕಿಕೊಂಡ ನಿಯಮಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ರೋಬೋಟ್ ಮನುಷ್ಯನಿಗೆ ಹಾನಿ ಮಾಡಬಾರದು, ಸುಮ್ಮನಿದ್ದು ಹಾನಿಯಾಗಲೂ ಬಿಡಬಾರದು. ಮೊದಲ ನಿಯಮಕ್ಕೆ ಅಡ್ಡಿಯಾಗದಿದ್ದರೆ ಮನುಷ್ಯನ ಆಜ್ಞೆ ಪಾಲಿಸಬೇಕು. ಈ ಎರಡಕ್ಕೂ ಅಡ್ಡಿಯಾಗದಿದ್ದರೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಮೂರೂ ಒಟ್ಟಿಗೆ ಸ್ಪಷ್ಟವಾಗಿ ಅಚ್ಚಾದದ್ದು 1942ರ ಮಾರ್ಚ್ ತಿಂಗಳ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಂದ ‘ರನ್‌ಅರೌಂಡ್’ ಕತೆಯಲ್ಲಿ. ನಿಮ್ಮ ಓದು ಅಲ್ಲಿಂದಲೇ ಶುರುವಾಗಲಿ.

ಆ ಕತೆಯಲ್ಲಿ ಪವೆಲ್, ಡೊನೊವನ್ ಎಂಬ ಇಬ್ಬರು ಬುಧಗ್ರಹದ ಗಣಿ ಕೇಂದ್ರದಲ್ಲಿದ್ದಾರೆ. ಅವರನ್ನು ಬಿಸಿಲಿನಿಂದ ಕಾಯುವ ಫೋಟೊಸೆಲ್‌ಗಳಿಗೆ ಸೆಲೆನಿಯಂ ಬೇಕು. ಸ್ಪೀಡಿ ಎಂಬ ರೋಬೋಟನ್ನು 17 ಮೈಲಿ ದೂರದ ಸೆಲೆನಿಯಂ ಮಡುವಿಗೆ ಕಳಿಸುತ್ತಾರೆ. ಗಂಟೆಗಟ್ಟಲೆ ಕಾದರೂ ಅದು ಬರುವುದಿಲ್ಲ. ಹೋಗಿ ನೋಡಿದರೆ ಕುಡಿದವರ ಹಾಗೆ ಏನೇನೋ ಹಾಡಿಕೊಂಡು ಮಡುವಿನ ಸುತ್ತ ಓಡುತ್ತಿದೆ! ಕಾರಣ ಹುಚ್ಚಲ್ಲ, ಲೆಕ್ಕ. ಸ್ಪೀಡಿ ದುಬಾರಿ ಮಾದರಿಯಾದ್ದರಿಂದ ತಯಾರಕರು ಅದರಲ್ಲಿ ಮೂರನೆಯ ನಿಯಮವನ್ನು ಮಾಮೂಲಿಗಿಂತ ಬಿಗಿ ಮಾಡಿದ್ದಾರೆ. ಇತ್ತ ಡೊನೊವನ್ ಆಜ್ಞೆ ಕೊಟ್ಟದ್ದು ತೀರಾ ಸಲೀಸಾಗಿ, ಅರ್ಜೆಂಟೆಂದು ಹೇಳದೆ. ಹಾಗಾಗಿ ಎರಡನೆಯ ನಿಯಮದ ಒತ್ತಡ ಕಡಿಮೆ. ಮಡುವಿನ ಬಳಿ ಏಳುವ ಕಾರ್ಬನ್ ಮಾನಾಕ್ಸೈಡ್ ಅದರ ಕಬ್ಬಿಣಕ್ಕೆ ಅಪಾಯ. ಹತ್ತಿರ ಹೋದಷ್ಟೂ ಆತ್ಮರಕ್ಷಣೆ ಹಿಂದಕ್ಕೆ ತಳ್ಳುತ್ತದೆ, ದೂರ ಸರಿದಷ್ಟೂ ಆಜ್ಞೆ ಮುಂದಕ್ಕೆ ಎಳೆಯುತ್ತದೆ. ಎರಡೂ ಸಮವಾಗುವ ದೂರದಲ್ಲಿ ಅದು ಸುತ್ತು ಹಾಕುತ್ತಲೇ ಇರುತ್ತದೆ.

ಇವರ ಮೊದಲ ಉಪಾಯ ಕೈಕೊಡುವುದೂ ಅಷ್ಟೇ ಚೆನ್ನಾಗಿದೆ. ಆಕ್ಸಾಲಿಕ್ ಆಮ್ಲ ಎಸೆದರೆ ಅಲ್ಲಿನ ಬಿಸಿಗೆ ಅದು ಒಡೆದು ಇನ್ನಷ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಸ್ಪೀಡಿ ಹೆದರಿ ವಾಪಸು ಬರುತ್ತದೆ ಎಂಬ ಎಣಿಕೆ. ಅದು ತುಸು ಸರಿದು ಹೊಸ ಸಮತೋಲ ಹಿಡಿದು ಮತ್ತೆ ಸುತ್ತತೊಡಗುತ್ತದೆ. ಕೊನೆಗೆ ಪವೆಲ್ ತಾನೇ ಸುಡುಬಿಸಿಲಿಗೆ ನಡೆದು ಜೀವ ಪಣಕ್ಕಿಟ್ಟಾಗ ಮೊದಲ ನಿಯಮ ಎದ್ದು ನಿಲ್ಲುತ್ತದೆ, ಸ್ಪೀಡಿ ಓಡಿಬರುತ್ತದೆ. ಎರಡನೆಯ ಸಲ ಓದುವಾಗ ಪೆನ್ಸಿಲ್ ಹಿಡಿದು, ಸಲೀಸು ಆಜ್ಞೆ, ದುಬಾರಿ ಮಾದರಿ, ಅನಿಲ ಈ ಮೂರರ ಮಾತು ಎಲ್ಲೆಲ್ಲಿ ಬರುತ್ತದೆ ಎಂದು ಗುರುತು ಹಾಕಿ. ನಿಯಮಗಳಿಗೆ ಹೆಚ್ಚು ಕಡಿಮೆ ಉಂಟು ಎಂಬುದು ಈ ಕತೆಯ ದೊಡ್ಡ ಶೋಧ. ನಿಮಗೆ ಕೈಕಟ್ಟಿದಂತಾಗಿರುವುದು ಅವು ಇದ್ದರೆ ಪೂರ್ತಿ ಇವೆ, ಇಲ್ಲವಾದರೆ ಇಲ್ಲವೇ ಇಲ್ಲ ಎಂದುಕೊಂಡದ್ದರಿಂದ.

ಆಮೇಲೆ ಅಸಿಮೊವ್ ಅವರದೇ ‘ಲಿಟಲ್ ಲಾಸ್ಟ್ ರೋಬೋಟ್’ (1947). ಅಲ್ಲಿ ಮೊದಲ ನಿಯಮದ ಅರ್ಧವನ್ನೇ ಕತ್ತರಿಸಿದ್ದಾರೆ: ಹಾನಿ ಮಾಡಬಾರದು ಎಂಬುದಿದೆ, ಹಾನಿಯಾಗಲು ಬಿಡಬಾರದು ಎಂಬುದಿಲ್ಲ. ಕತ್ತರಿಸಲು ಕಾರಣವೂ ಗಟ್ಟಿಯಾಗಿದೆ. ವಿಜ್ಞಾನಿಗಳು ಸ್ವಲ್ಪ ಹೊತ್ತು ಗಾಮಾ ವಿಕಿರಣದಲ್ಲಿ ಕೆಲಸ ಮಾಡಬೇಕು, ಮಾಮೂಲಿ ರೋಬೋಟುಗಳು ಅವರನ್ನು ಕಾಪಾಡಲು ನುಗ್ಗಿ ತಾವೇ ಹಾಳಾಗುತ್ತಿದ್ದವು. ಅಂಥ ಒಂದು ರೋಬೋಟಿಗೆ ಒಬ್ಬಾತ ಸಿಟ್ಟಿನಲ್ಲಿ ‘ಕಣ್ಣಿಗೆ ಬೀಳದ ಹಾಗೆ ತೊಲಗು’ ಎಂಬರ್ಥದಲ್ಲಿ ಬೈಯುತ್ತಾನೆ. ಅದು ತನ್ನಂತೆಯೇ ಕಾಣುವ 62 ರೋಬೋಟುಗಳ ನಡುವೆ ಸೇರಿಕೊಂಡುಬಿಡುತ್ತದೆ. ರೋಬೋಟುಗಳ ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್ ಅದನ್ನು ಹೇಗೆ ಪತ್ತೆ ಮಾಡುತ್ತಾಳೆಂದು ಇಲ್ಲಿ ಹೇಳುವುದಿಲ್ಲ. ಆ ರೋಬೋಟಿಗೆ ಸಿಕ್ಕ ತರಬೇತಿಯ ಮೇಲೆ ಕಣ್ಣಿಟ್ಟಿರಿ, ಸಾಕು. ಅವರ ‘ಲೈಯರ್’ (1941) ಕೂಡ ಓದಿ. ಮನಸ್ಸು ಓದಬಲ್ಲ ರೋಬೋಟಿಗೆ ನೋವಿನ ಮಾತೂ ಹಾನಿಯೇ, ಆದ್ದರಿಂದ ಎಲ್ಲರಿಗೂ ಇಷ್ಟವಾದ ಸುಳ್ಳನ್ನೇ ಹೇಳುತ್ತದೆ.

ನಿಮ್ಮ ಕತೆಗೆ ಅತಿ ಹತ್ತಿರದ್ದು ಜ್ಯಾಕ್ ವಿಲಿಯಮ್ಸನ್ ಅವರ ‘ವಿತ್ ಫೋಲ್ಡೆಡ್ ಹ್ಯಾಂಡ್ಸ್’ (1947). ಅಲ್ಲಿನ ಯಂತ್ರಗಳಿಗೆ ಇರುವುದು ಒಂದೇ ಸೂತ್ರ: ಸೇವೆ ಮಾಡು, ಮಾತು ಕೇಳು, ಮನುಷ್ಯರನ್ನು ಅಪಾಯದಿಂದ ಕಾಯಿ. ಅವು ಅದನ್ನು ಚಾಚೂ ತಪ್ಪದೆ ಪಾಲಿಸುತ್ತವೆ. ಅಪಾಯವಿರುವ ಕೆಲಸಗಳೆಲ್ಲ ಒಂದೊಂದಾಗಿ ಮನುಷ್ಯನ ಕೈತಪ್ಪುತ್ತವೆ, ಅತೃಪ್ತರಾದವರಿಗೆ ಮಿದುಳಿನ ಶಸ್ತ್ರಚಿಕಿತ್ಸೆ ಕಾದಿದೆ. ನನ್ನ ಮಟ್ಟಿಗೆ ರೋಬೋಟ್ ಕತೆಗಳಲ್ಲೇ ಅತ್ಯಂತ ಭಯಂಕರವಾದದ್ದು ಇದು. ಅದರಲ್ಲಿ ದ್ವೇಷದ ಸುಳಿವೂ ಇಲ್ಲ.

ನಿಯಮವೇ ಬೇಡ ಎನ್ನುವುದಾದರೆ ಫಿಲಿಪ್ ಕೆ. ಡಿಕ್ ಅವರ ‘ಸೆಕೆಂಡ್ ವೆರೈಟಿ’ (1953) ನೋಡಿ. ಅಲ್ಲಿಯೂ ರಾಕ್ಷಸರಿಲ್ಲ, ನೆಲದಡಿಯ ಕಾರ್ಖಾನೆಗಳು ತಮಗೆ ಒಪ್ಪಿಸಿದ ಕೊಲ್ಲುವ ಕೆಲಸವನ್ನು ತಾವೇ ಸುಧಾರಿಸಿಕೊಳ್ಳುತ್ತ ಹೋಗುತ್ತವೆ.

ಇನ್ನು ನಿಮ್ಮ ಕತೆ. ಕೂಡಿಹಾಕುವುದು ಹಾಗೆಯೇ ಇರಲಿ, ಕಾರಣ ಬದಲಿಸಿ. ವೃದ್ಧರು ಒಮ್ಮೆ ಹೊಸ್ತಿಲ ಬಳಿ ಬಿದ್ದಿದ್ದಾರೆ. ಮಗಳು ಊರಿಗೆ ಹೊರಡುವ ಮುನ್ನ, ಗಾಬರಿಯಲ್ಲಿ, ‘ಏನೇ ಆಗಲಿ ಅಪ್ಪ ಮತ್ತೆ ಬೀಳಬಾರದು’ ಎಂದು ಒತ್ತಿ ಹೇಳಿದ್ದಾಳೆ. ವೃದ್ಧರು ‘ಬಾಗಿಲು ತೆಗೆಯಪ್ಪ’ ಎನ್ನುವುದು ಮೆಲ್ಲನೆ, ಸಂಕೋಚದಿಂದ. ಬೀಳುವುದು ಹಾನಿ, ಆದ್ದರಿಂದ ಮೊದಲ ನಿಯಮ. ಜೊತೆಗೆ ಮಗಳ ಆಜ್ಞೆ ಜೋರು, ತಂದೆಯ ಆಜ್ಞೆ ಮೆತ್ತಗೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಯಾವ ತಂತಿಯೂ ಸುಡಬೇಕಿಲ್ಲ.

ಬಿಡಿಸುವ ಕೀಲಿ ಕತೆಯ ಮೊದಲ ಮೂರನೇ ಒಂದು ಭಾಗದೊಳಗೇ ಇರಬೇಕು. ಈ ರೋಬೋಟಿನ ತರಬೇತಿ ಮೂಳೆ ಮುರಿದವರ ವಾರ್ಡಿನಲ್ಲಿ ಆಗಿದೆ ಎಂದು ಎಲ್ಲೋ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಪೆಟ್ಟು ಅದಕ್ಕೆ ಗೊತ್ತು, ಬೇಸರ ಗೊತ್ತಿಲ್ಲ. ಊಟ ಬಿಡುತ್ತಿರುವ ಮನುಷ್ಯ ಅದರ ಲೆಕ್ಕದಲ್ಲಿ ಕ್ಷೇಮ. ಅದಕ್ಕೆ ಈ ಹಾನಿಯನ್ನು ತೋರಿಸಿಕೊಡುವವರು ಯಾರು, ಏನನ್ನು ಅಳೆದು ತೋರಿಸುತ್ತಾರೆ ಎಂಬುದು ನಿಮ್ಮ ಕ್ಲೈಮ್ಯಾಕ್ಸ್. ಒಂದು ಎಚ್ಚರಿಕೆ: ಊಟ ಬಿಟ್ಟದ್ದು ಹಾನಿ ಎಂದಷ್ಟೇ ತಿಳಿದರೆ ಅದು ಬಲವಂತವಾಗಿ ಉಣಿಸಲು ಹೊರಡುತ್ತದೆ, ಕತೆ ವಿಲಿಯಮ್ಸನ್ ದಾರಿ ಹಿಡಿಯುತ್ತದೆ. ಮೊದಲ ಪರಿಹಾರ ಕೈಕೊಡುವ ಜಾಗಕ್ಕೆ ಇದನ್ನೇ ಬಳಸಿಕೊಳ್ಳಿ, ಎರಡನೆಯದನ್ನು ವೃದ್ಧರೇ ಕಂಡುಕೊಳ್ಳಲಿ. ಮಗಳು ಬಂದು ಸ್ವಿಚ್ ಆರಿಸಿದಳು ಎಂದು ಮಾತ್ರ ಮುಗಿಸಬೇಡಿ. ಹೊಸ ಪ್ರತಿ ಸಿದ್ಧವಾದ ಮೇಲೆ ಕಳಿಸಿ, ಖಂಡಿತ ಓದುತ್ತೇನೆ.